ದೊಡ್ಡ ಟೆಕ್ ಕಂಪನಿಯ ಸೊಕ್ಕಿಗೆ ಜನ ತಿರುಗಿಬಿದ್ದು ಗೆದ್ದಿದ್ದು ಎಲ್ಲಾದರೂ ಇದೆಯಾ?

ಇದೆ, ಅದೂ ನಮ್ಮ ದೇಶದಲ್ಲೇ. ಫೇಸ್‌ಬುಕ್‌ನ 'ಫ್ರೀ ಬೇಸಿಕ್ಸ್' ನೆನಪಿದೆಯಾ? 2016ರಲ್ಲಿ ಅದು ಗಂಟುಮೂಟೆ ಕಟ್ಟಿತು. ನನ್ನ ಪ್ರಕಾರ ಆ ಯೋಜನೆಗಿಂತ ಜಾಸ್ತಿ, ಅದನ್ನು ಜನರ ತಲೆಗೆ ಕಟ್ಟಲು ಹೋದ ರೀತಿಯೇ ಅವರನ್ನು ಸೋಲಿಸಿತು.

ಯೋಜನೆ ಇಷ್ಟೇ. ರಿಲಯನ್ಸ್ ಕಮ್ಯುನಿಕೇಷನ್ಸ್ ಸಿಮ್ (ಮುಕೇಶ್ ಅಂಬಾನಿಯವರ ಜಿಯೋ ಅಲ್ಲ, ಅವರ ತಮ್ಮ ಅನಿಲ್ ಅಂಬಾನಿಯವರದು) ಇದ್ದರೆ ಕೆಲವು ಸೈಟ್‌ಗಳನ್ನು ಡೇಟಾ ಖರ್ಚಿಲ್ಲದೆ ನೋಡಬಹುದು. ಒಳಗೆ ಯಾರಿರಬೇಕು ಅನ್ನುವ ನಿಯಮ ಮಾತ್ರ ಫೇಸ್‌ಬುಕ್‌ನದು. ಊರಿಗೆ ಪುಕ್ಕಟೆ ಬಸ್ ಬಿಡ್ತೀನಿ, ಆದರೆ ಅದು ನಾನು ಹೇಳಿದ ಅಂಗಡಿಗಳ ಮುಂದೆ ಮಾತ್ರ ನಿಲ್ಲುತ್ತೆ ಅಂದ ಹಾಗೆ. 2015ರ ಫೆಬ್ರವರಿಯಲ್ಲಿ 'ಇಂಟರ್ನೆಟ್.ಆರ್ಗ್' ಅನ್ನುವ ಹೆಸರಲ್ಲಿ ಬಂತು. ಏಪ್ರಿಲ್‌ನಲ್ಲಿ ನೆಟ್ ನ್ಯೂಟ್ರಾಲಿಟಿ (ಎಲ್ಲ ಸೈಟ್‌ಗಳನ್ನೂ ಒಂದೇ ರೀತಿ ನೋಡಬೇಕು ಅನ್ನುವ ತತ್ವ) ಗಲಾಟೆ ಎದ್ದಾಗ ಟಿಕೆಟ್ ಬುಕಿಂಗ್ ಸೈಟ್ ಕ್ಲಿಯರ್‌ಟ್ರಿಪ್ ಇದರಿಂದ ಹೊರಬಂತು. ಇಂಥದ್ದೇ ಇನ್ನೊಂದು ಯೋಜನೆ 'ಏರ್‌ಟೆಲ್ ಝೀರೋ'ದಿಂದ ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ ಹಿಂದೆ ಸರಿಯಿತು. ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ಯೋಜನೆಯ ಹೆಸರನ್ನು 'ಫ್ರೀ ಬೇಸಿಕ್ಸ್' ಎಂದು ಬದಲಿಸಿತು.

ಅಸಲಿ ಕಥೆ ಡಿಸೆಂಬರ್‌ದು. ಬೇರೆ ಬೇರೆ ಸೈಟಿಗೆ ಬೇರೆ ಬೇರೆ ದರ ಇಡಬಹುದೇ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ನಾಲ್ಕು ಪ್ರಶ್ನೆ ಮುಂದಿಟ್ಟು ಜನರ ಅಭಿಪ್ರಾಯ ಕೇಳಿತು. ಫೇಸ್‌ಬುಕ್ ಏನು ಮಾಡಿತು ಗೊತ್ತಾ? ತನ್ನ ಬಳಕೆದಾರರಿಗೆ 'ಫ್ರೀ ಬೇಸಿಕ್ಸ್ ಉಳಿಸಿ' ಎಂದು ನೋಟಿಫಿಕೇಷನ್ ಕಳಿಸಿತು. ಒತ್ತಿದರೆ ಮೊದಲೇ ಬರೆದಿಟ್ಟ ಪತ್ರ ನಿಮ್ಮ ಹೆಸರಲ್ಲಿ ಟ್ರಾಯ್‌ಗೆ ಹೋಗುತ್ತಿತ್ತು. ಅದರಲ್ಲಿ ಆ ನಾಲ್ಕು ಪ್ರಶ್ನೆಗಳಿಗೆ ಉತ್ತರವೇ ಇರಲಿಲ್ಲ! ಜೊತೆಗೆ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು, ರಸ್ತೆ ಬದಿ ದೊಡ್ಡ ದೊಡ್ಡ ಬೋರ್ಡು. ಫೇಸ್‌ಬುಕ್ ಮುಖ್ಯಸ್ಥ ಜುಕರ್‌ಬರ್ಗ್ ಖುದ್ದು 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ಲೇಖನ ಬರೆದು, ಇದನ್ನು ಯಾರು ತಾನೇ ವಿರೋಧಿಸಲು ಸಾಧ್ಯ ಎಂದು ಕೇಳಿದರು. ಗ್ರಂಥಾಲಯ, ಸರ್ಕಾರಿ ಆಸ್ಪತ್ರೆಗಳ ಸಾಲಿಗೆ ತಮ್ಮ ಯೋಜನೆಯನ್ನೂ ಸೇರಿಸಿದರು.

ವಿರೋಧಿಸಿದವರು ಯಾರು ನೋಡಿ. ಐಐಟಿಗಳ ಮತ್ತು ಬೆಂಗಳೂರಿನ ಐಐಎಸ್‌ಸಿಯ ಪ್ರಾಧ್ಯಾಪಕರು ಸಹಿ ಹಾಕಿ ಹೇಳಿಕೆ ಕೊಟ್ಟರು. ಬಡವರಿಗೆ ಇಂಟರ್ನೆಟ್ ಕೊಡಬೇಕಿದ್ದರೆ ಡೇಟಾ ಪ್ಯಾಕನ್ನೇ ನೇರವಾಗಿ ಕೊಡಿ, ಅವರಿಗೆ ಬೇಕಾದ ಸೈಟ್ ನೋಡಿಕೊಳ್ಳಲಿ ಎಂದು ನಂದನ್ ನಿಲೇಕಣಿ ಬರೆದರು. ನನಗೆ ಇಡೀ ಚರ್ಚೆಯಲ್ಲಿ ಹಿಡಿಸಿದ್ದು ಈ ವಾದ. ಪುಕ್ಕಟೆ ಕೊಡುವುದು ತಪ್ಪೇನಲ್ಲ, ಏನು ನೋಡಬೇಕು ಎಂದು ಕೊಡುವವನೇ ತೀರ್ಮಾನಿಸುವುದು ತಪ್ಪು.

ತಮಾಷೆ ಎಂದರೆ, ತಲೆ ಲೆಕ್ಕದಲ್ಲಿ ಫೇಸ್‌ಬುಕ್ಕೇ ಗೆದ್ದಿತ್ತು. ಟ್ರಾಯ್‌ಗೆ ಬಂದ ಸುಮಾರು 24 ಲಕ್ಷ ಪ್ರತಿಕ್ರಿಯೆಗಳಲ್ಲಿ ಬಹುಪಾಲು ಆ ರೆಡಿಮೇಡ್ ಪತ್ರಗಳೇ. ಆದರೆ ಟ್ರಾಯ್ 2016ರ ಜನವರಿಯಲ್ಲಿ ಫೇಸ್‌ಬುಕ್‌ಗೆ ಖಾರವಾಗಿ ಪತ್ರ ಬರೆಯಿತು. ನಾವು ಕೇಳಿದ್ದು ಅಭಿಪ್ರಾಯ, ನೀವು ಅದನ್ನು ನೀವೇ ಏರ್ಪಡಿಸಿದ ಒರಟು ಜನಮತಗಣನೆ ಮಾಡಿಬಿಟ್ಟಿದ್ದೀರಿ ಎನ್ನುವುದು ಅದರ ಸಾರ. ಫೆಬ್ರವರಿ 8ರಂದು ಆದೇಶ ಬಂತು. ಸೈಟಿಗೊಂದು ದರ ಇಡುವ ಹಾಗಿಲ್ಲ, ಇಟ್ಟರೆ ದಿನಕ್ಕೆ 50,000 ರೂಪಾಯಿ ದಂಡ, ಗರಿಷ್ಠ 50 ಲಕ್ಷ.

ಇಷ್ಟಾದ ಮೇಲಾದರೂ ಸುಮ್ನೆ ಇರಬೇಕಿತ್ತು ಅಲ್ವಾ? ಫೇಸ್‌ಬುಕ್ ನಿರ್ದೇಶಕ ಮಂಡಳಿಯಲ್ಲಿದ್ದ ಮಾರ್ಕ್ ಆಂಡ್ರೀಸನ್, ವಸಾಹತುಶಾಹಿಯ ವಿರೋಧದಿಂದಲೇ ಭಾರತ ದಶಕಗಳಿಂದ ಹಾಳಾಗಿದೆ ಅನ್ನುವ ಅರ್ಥದ ಟ್ವೀಟ್ ಮಾಡಿದರು. ಆಮೇಲೆ ಅಳಿಸಿದರು, ಕ್ಷಮೆ ಕೇಳಿದರು. ಆ ಮಾತಿನಿಂದ ತೀರಾ ಬೇಸರವಾಗಿದೆ ಎಂದು ಜುಕರ್‌ಬರ್ಗ್ ಹೇಳಬೇಕಾಯಿತು. ಅದೇ ವಾರ ಫ್ರೀ ಬೇಸಿಕ್ಸ್ ಭಾರತದಲ್ಲಿ ಮುಚ್ಚಿತು.

ಎಲ್ಲ ಸಲ ಹೀಗಾಗುವುದಿಲ್ಲ. 2021ರ ಜನವರಿಯಲ್ಲಿ ವಾಟ್ಸಾಪ್ ಹೊಸ ಪ್ರೈವಸಿ ನಿಯಮ ತಂದಾಗಲೂ ಸಿಟ್ಟು ಕಡಿಮೆ ಇರಲಿಲ್ಲ, ಎಷ್ಟೋ ಜನ ಇನ್ನೊಂದು ಮೆಸೇಜಿಂಗ್ ಆ್ಯಪ್ ಸಿಗ್ನಲ್ ಹಾಕಿಕೊಂಡರು. ಆದರೆ ಹಳೆಯ ಗ್ರೂಪ್‌ಗಳೆಲ್ಲ ವಾಟ್ಸಾಪ್‌ನಲ್ಲೇ ಇದ್ದವು. ನಿಯಮ ಒಪ್ಪಿಕೊಳ್ಳುವ ಗಡುವು ಫೆಬ್ರವರಿಯಿಂದ ಮೇ ತಿಂಗಳಿಗೆ ಹೋಯಿತು, ಅಷ್ಟೇ. ಭಾರತದ ಸ್ಪರ್ಧಾ ಆಯೋಗ ಮೆಟಾಗೆ (ಫೇಸ್‌ಬುಕ್, ವಾಟ್ಸಾಪ್ ಎರಡರ ಒಡೆಯ ಕಂಪನಿ) 213.14 ಕೋಟಿ ರೂಪಾಯಿ ದಂಡ ಹಾಕುವಷ್ಟರಲ್ಲಿ 2024ರ ನವೆಂಬರ್ ಬಂದಿತ್ತು. ಫ್ರೀ ಬೇಸಿಕ್ಸ್ ಸಮಯದಲ್ಲಿ ಟ್ರಾಯ್ ಇನ್ನೂ ನಿರ್ಧಾರ ಮಾಡಿರಲಿಲ್ಲ, ಜನರ ಮಾತು ಕೇಳುತ್ತಿತ್ತು. ಸಿಟ್ಟು ಕೆಲಸಕ್ಕೆ ಬಂದಿದ್ದು ಅದಕ್ಕೇ ಎಂದು ನನಗನಿಸುತ್ತದೆ.