ನೈಸರ್ಗಿಕ ಅನಿಲದಿಂದ ಪೆಟ್ರೋಲ್ ತಯಾರಿಸಲು ಹೊರಟಿದ್ದ ಸಿಲುರಿಯಾ ಕಂಪನಿಯ ತಂತ್ರವೇನು?

ನೈಸರ್ಗಿಕ ಅನಿಲದ ಬಹುಪಾಲು ಮೀಥೇನ್. ಅದನ್ನು ದ್ರವ ಇಂಧನವಾಗಿಸುವ ಹಳೆಯ ಮಾರ್ಗ ಸುತ್ತುಬಳಸಿನದು: ಮೊದಲು ಅಣುವನ್ನು ಒಡೆದು ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕ ಮಾಡಬೇಕು, ಆಮೇಲೆ ಅವನ್ನು ಮತ್ತೆ ಪೋಣಿಸಬೇಕು. ಕತಾರಿನಲ್ಲಿ ತೈಲ ಕಂಪನಿ ಶೆಲ್ ಕಟ್ಟಿದ ಇಂಥ ಸ್ಥಾವರಕ್ಕೆ ಸುಮಾರು 1,800 ಕೋಟಿ ಡಾಲರ್ ಹಿಡಿಯಿತು!

ಸ್ಯಾನ್ ಫ್ರಾನ್ಸಿಸ್ಕೋದ ಸಿಲುರಿಯಾ ನೇರ ದಾರಿ ಹಿಡಿಯಿತು. ಮೀಥೇನನ್ನು ಆಮ್ಲಜನಕದೊಡನೆ ವೇಗವರ್ಧಕದ (ರಾಸಾಯನಿಕ ಕ್ರಿಯೆಯನ್ನು ಚುರುಕಾಗಿಸುವ ವಸ್ತು) ಮೇಲೆ ಹಾಯಿಸಿದರೆ ಎರಡು ಅಣು ಬೆಸೆದು ಎಥಿಲೀನ್ ಆಗುತ್ತದೆ. ಎಥಿಲೀನ್ ಪ್ಲಾಸ್ಟಿಕ್‌ನ ಮೂಲವಸ್ತು. ಅದರ ಅಣುಗಳನ್ನು ಇನ್ನಷ್ಟು ಜೋಡಿಸಿದರೆ ಪೆಟ್ರೋಲ್.

ಈ ಕ್ರಿಯೆ 1980ರ ದಶಕದಿಂದಲೂ ಗೊತ್ತಿತ್ತು. ತೊಡಕೆಂದರೆ, ಮೀಥೇನ್‌ಗಿಂತ ಎಥಿಲೀನ್ ಸುಲಭವಾಗಿ ಉರಿಯುತ್ತದೆ. ಬಿಸಿ ಹೆಚ್ಚಾದರೆ ಬೇಕಾದ ಸರಕೇ ಸುಟ್ಟು ಇಂಗಾಲದ ಡೈಆಕ್ಸೈಡ್ ಆಗಿಬಿಡುತ್ತದೆ. ಹಾಲು ಕಾಯಿಸಲು ಹೋಗಿ ತಳ ಹಿಡಿಸಿದ ಹಾಗೆ. ಹೀಗಾಗಿ ಕಡಿಮೆ ತಾಪದಲ್ಲಿ ಕೆಲಸ ಮಾಡುವ ವೇಗವರ್ಧಕ ಬೇಕಿತ್ತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿ ಏಂಜೆಲಾ ಬೆಲ್ಚರ್ ಅವರ ಉಪಾಯ ಇಲ್ಲಿ ನೆರವಾಯಿತು. ಬ್ಯಾಕ್ಟೀರಿಯಾಗಳಿಗೆ ಮಾತ್ರ ತಗಲುವ ವೈರಸ್ಸನ್ನು ಅಚ್ಚಾಗಿ ಬಳಸಿ, ಅದರ ಮೈಮೇಲೆ ವೇಗವರ್ಧಕವಾಗಬಲ್ಲ ಲೋಹದ ಆಕ್ಸೈಡಿನ ನ್ಯಾನೊ (ಅತಿ ಸೂಕ್ಷ್ಮ) ತಂತಿ ಬೆಳೆಸುವುದು. ನನಗೆ ಇಡೀ ಕಥೆಯಲ್ಲಿ ಅತ್ಯಂತ ಚೆಲುವಾಗಿ ಕಂಡದ್ದು ಇದೇ.

2015ರಲ್ಲಿ ಟೆಕ್ಸಾಸ್‌ನ ಲಾ ಪೋರ್ಟ್‌ನಲ್ಲಿ ಪ್ರಾತ್ಯಕ್ಷಿಕೆ ಘಟಕ ಶುರುವಾಯಿತು. ಅದು ದೊಡ್ಡ ವಾಣಿಜ್ಯ ಕಾರ್ಖಾನೆಯಾಗಿ ಬೆಳೆಯುವ ಮೊದಲೇ, 2019ರಲ್ಲಿ, ಸಿಲುರಿಯಾದ ತಂತ್ರಜ್ಞಾನ ಮ್ಯಾಕ್‌ಡರ್ಮಟ್ ಕಂಪನಿಯ ಪಾಲಾಯಿತು.