ಹಿತ್ತಿಲ ಕೊಳದ ಜಲಪಾತ ದಿನಾ ನೀರು ಕುಡಿಯುತ್ತಿದೆ, ಸದ್ದೂ ಜಾಸ್ತಿ. ಎಲ್ಲ ಒಡೆದು ಕಟ್ಟಬೇಕಾ?

ಬೇಡ. ಕೊಳಕ್ಕೆ ಕೈ ಹಾಕುವ ಮೊದಲು ಒಂದು ದಿನ ಕಾಯಿರಿ.

ನಾಲ್ಕು ಅಡಿ ಮೇಲಿಂದ ನೀರು ಬೀಳುತ್ತದೆ, ದಿನಕ್ಕೆ ಒಂದೂವರೆ ಇಂಚು ಇಳಿಯುತ್ತದೆ, ಮನೆಯವರಿಗೆ ನಿದ್ದೆ ಇಲ್ಲ ಅಂತ ಬರೆದಿದ್ದೀರಿ. ಮೈಸೂರಿನ ನಮ್ಮ ಮನೆಯಲ್ಲೂ ಹೆಚ್ಚುಕಮ್ಮಿ ಇದೇ ಕತೆ. ಸಂಜೆ ಪಂಪ್ ಆಫ್ ಮಾಡಿ, ಮೇಲಿನ ನೀರೆಲ್ಲ ಕೊಳಕ್ಕೆ ಇಳಿದ ಮೇಲೆ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. 24 ಗಂಟೆ ಬಿಟ್ಟು ನೋಡಿ. ಕೆಲವೇ ಮಿಲಿಮೀಟರ್ ಇಳಿದಿದ್ದರೆ ಅದು ಬಿಸಿಲಿಗೆ ಆರಿದ ನೀರು, ಕೊಳ ಗಟ್ಟಿಯಾಗಿದೆ. ಸೋರುತ್ತಿರುವುದು ಜಲಪಾತ, ಇಲ್ಲವೇ ಪೈಪು.

ನಮ್ಮಲ್ಲಿ ಜಲಪಾತವೇ ಕಳ್ಳ. ಗಾರೆಯವರು ಮಣ್ಣು ಗುಡ್ಡೆ ಹಾಕಿ, ಅದರ ಮೇಲೆ ನೇರವಾಗಿ ಸಿಮೆಂಟಿನಲ್ಲಿ ಕಲ್ಲು ಕೂರಿಸಿದ್ದರು. ಎರಡು ಮಳೆಗಾಲಕ್ಕೆ ಮಣ್ಣು ಕುಸಿದು ಸಿಮೆಂಟು ಬಿರುಕು ಬಿಟ್ಟಿತು. ಮೇಲೆ ಎಷ್ಟು ಮೆತ್ತಿದರೂ ಪ್ರಯೋಜನ ಇಲ್ಲ, ಕಲ್ಲಿನ ಅಡಿಯಲ್ಲಿ ಶೀಟ್ ಇರಬೇಕು. ಕೃಷಿ ಹೊಂಡಕ್ಕೆ ಹಾಕುವ 500 ಮೈಕ್ರಾನ್ ಶೀಟ್ ಆಗುತ್ತದೆ, ಆದರೆ ಮೂಲೆಗಳಲ್ಲಿ ಮಡಚುವುದು ಕಷ್ಟ. ಇಪಿಡಿಎಂ ರಬ್ಬರ್ ಶೀಟ್ ಮೆತ್ತಗೆ ಕೂರುತ್ತದೆ, ದುಡ್ಡು ಜಾಸ್ತಿ. ಎರಡು ಶೀಟ್ ಸೇರುವಲ್ಲಿ ಹೆಂಚು ಹೊದಿಸಿದ ಹಾಗೆ ಮೇಲಿನದು ಕೆಳಗಿನದರ ಮೇಲೆ ಬರಲಿ. ಎರಡೂ ಪಕ್ಕದ ಅಂಚು ನೀರಿನ ಮಟ್ಟಕ್ಕಿಂತ ನಾಲ್ಕು ಇಂಚಾದರೂ ಮೇಲಿರಲಿ. ಸೋರಿಕೆ ಅಂತ ನಾವು ಅಂದುಕೊಳ್ಳುವುದು ಬಹಳ ಸಲ ತೂತೇ ಅಲ್ಲ, ತಗ್ಗಾದ ಅಂಚಿನಿಂದ ಮೆಲ್ಲಗೆ ಆಚೆ ಹೋಗುವ ನೀರು.

ಇನ್ನು ಸದ್ದು. ಜೋಗಕ್ಕೆ ಹೋದವರಿಗೆ ಗೊತ್ತು, ಅಲ್ಲಿ 253 ಮೀಟರ್ ಎತ್ತರ ಒಂದೇ, ಬೀಳುವ ರೀತಿ ನಾಲ್ಕು. ರಾಜ ಬಂಡೆ ಬಿಟ್ಟು ನೇರ ಧುಮುಕುತ್ತಾನೆ. ರಾಣಿ ಬಂಡೆಯನ್ನು ತಬ್ಬಿಕೊಂಡೇ ಇಳಿಯುತ್ತಾಳೆ. ನಾನು ಹಿತ್ತಿಲಲ್ಲಿ ರಾಜನನ್ನು ಕಟ್ಟಿಸಿದ್ದೆ, ಮಲಗುವ ಕೋಣೆಯ ಕಿಟಕಿಗೆ ಬೇಕಿದ್ದದ್ದು ರಾಣಿ! ಒಂದೇ ನೆಗೆತದ ನಾಲ್ಕು ಅಡಿಯನ್ನು ಐದು ಮೆಟ್ಟಿಲು ಮಾಡಿದೆ, ಪ್ರತಿ ಮೆಟ್ಟಿಲಿಗೂ ಸ್ವಲ್ಪ ಓರೆಯಾದ ಚಪ್ಪಡಿ. ನೀರಿನ ಪರದೆಯ ಹಿಂದೆ ಟೊಳ್ಳು ಇದ್ದರೆ ಮಡಕೆಯೊಳಗೆ ಕೂಗಿದ ಹಾಗೆ ಸದ್ದು ಮೊಳಗುತ್ತದೆ, ಅದನ್ನೂ ಕಲ್ಲಿನಿಂದ ತುಂಬಿಸಿದೆ. ಕಲ್ಲುಗಳನ್ನು ಭದ್ರ ಮಾಡುವ ಮೊದಲು ಸುಮ್ನೆ ಜೋಡಿಸಿ, ರಾತ್ರಿ ನೀರು ಬಿಟ್ಟು, ಹಾಸಿಗೆಯಲ್ಲಿ ಮಲಗಿ ಕೇಳಿ. ನನ್ನ ಹೆಂಡತಿ ಮೂರು ರಾತ್ರಿ "ಇನ್ನೂ ಸ್ವಲ್ಪ" ಅಂದಳು. ಒಂದು ಕಲ್ಲನ್ನು ಎರಡು ಇಂಚು ಸರಿಸಿದ್ದಕ್ಕೆ ಸ್ವರವೇ ಬದಲಾಯಿತು.

ರಾತ್ರಿ ಪಂಪ್ ನಿಲ್ಲಿಸಿದರೆ ಆಯಿತಲ್ವಾ ಅಂತ ಹೇಳುವವರು ಇದ್ದಾರೆ. ಮೀನು ಜಾಸ್ತಿ ಇದ್ದರೆ ಆ ಕೆಲಸ ಮಾಡಬೇಡಿ. ಕತ್ತಲಲ್ಲಿ ಗಿಡ, ಪಾಚಿ ಎಲ್ಲವೂ ಆಮ್ಲಜನಕ ಬಳಸುತ್ತವೆ, ಬೆಳಗಿನ ಜಾವಕ್ಕೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತವೆ.

ಪಂಪಿಗೆ ಒಂದು ಲೆಕ್ಕ. ನೀರು ಬೀಳುವ ಅಂಚಿನ ಪ್ರತಿ ಇಂಚು ಅಗಲಕ್ಕೆ ಗಂಟೆಗೆ ಸುಮಾರು 380 ಲೀಟರ್ ಬಂದರೆ ಪರದೆ ಚೆನ್ನಾಗಿ ಕಾಣುತ್ತದೆ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ನಂಬಬೇಡಿ, ಅದು ನೀರನ್ನು ಮೇಲೆ ಎತ್ತದೇ ಇದ್ದಾಗಿನದು. ನಾನು ದೊಡ್ಡ ಪಂಪ್ ತರುವ ಬದಲು ಅಂಚನ್ನೇ 20 ಇಂಚಿನಿಂದ 9ಕ್ಕೆ ಇಳಿಸಿದೆ. 85 ವ್ಯಾಟಿನ ಪಂಪ್ ಹಗಲು ರಾತ್ರಿ ಓಡಿದರೂ ದಿನಕ್ಕೆ ಎರಡು ಯೂನಿಟ್. ಅಂಚಿನ ಚಪ್ಪಡಿಯ ಅಡಿಯಲ್ಲಿ ಒಂದು ಗೆರೆ ಕೊರೆಸಿ, ಸಜ್ಜೆಯ ಕೆಳಗೆ ಇರುತ್ತದಲ್ಲ, ಹಾಗೆ. ಇಲ್ಲದಿದ್ದರೆ ನೀರು ಕಲ್ಲಿಗೆ ಅಂಟಿಕೊಂಡು ಹಿಂದಕ್ಕೆ ಓಡುತ್ತದೆ.

ನನ್ನ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಹೊಸ ಸಿಮೆಂಟಿನ ಮೇಲೆ ಮಾರನೇ ದಿನವೇ ನೀರು ಬಿಟ್ಟೆ. ಅದರಿಂದ ಇಳಿದ ಸುಣ್ಣ ನೀರಿನ ಪಿಎಚ್, ಅಂದರೆ ಕ್ಷಾರದ ಮಟ್ಟ ಏರಿಸಿತು, ಮೂರು ಗೋಲ್ಡ್ ಫಿಶ್ ಸತ್ತವು. ಸಿಮೆಂಟ್ ಬಳಸಿದರೆ ಕೆಲವು ವಾರ ನೀರು ತುಂಬಿಸಿ, ಚೆಲ್ಲಿ, ಮತ್ತೆ ತುಂಬಿಸಿ. ಪಿಎಚ್ ನೋಡಿಕೊಂಡೇ ಮೀನು ಬಿಡಿ. ಪಂಪಿನ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ ಇದೆಯಾ? ಇಲ್ಲದಿದ್ದರೆ ಕಲ್ಲು, ಶೀಟ್ ಎಲ್ಲ ಆಮೇಲೆ, ಮೊದಲು ಎಲೆಕ್ಟ್ರಿಷಿಯನ್‌ನ ಕರೆಸಿ.