ಆರುವ ದೀಪವನ್ನು ಕೈಬಿಡಿ

ಪ್ರಿಯ ಮೂಡಿಗೆರೆಯ ಮಿತ್ರರೇ,

ಗೋಳಾಕಾರದ ನಕ್ಷತ್ರಗುಚ್ಛಗಳ ಮುದಿ ನೀಲಿ ನಕ್ಷತ್ರಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ, ಪಟ್ಟ ಶ್ರಮ ಕಾಣುತ್ತದೆ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ನಿನ್ನೆ ರಾತ್ರಿ ಹಾಸನದ ಈ ಕಚೇರಿಗೆ ಬೀಗ ಹಾಕಿ ಮನೆಗೆ ಹೋದ ಮೇಲೂ ನಿಮ್ಮ ಒಂದು ವಾಕ್ಯ ತಲೆಯಿಂದ ಇಳಿಯಲಿಲ್ಲ.

‘ಆರುವ ಮುನ್ನ ದೀಪ ಜೋರಾಗಿ ಉರಿಯುವಂತೆ, ಈ ನಕ್ಷತ್ರಗಳು ಸಾಯುವ ಮುನ್ನ ಒಮ್ಮೆ ಭುಗಿಲೆದ್ದು ನೀಲಿಯಾಗುತ್ತವೆ.’

ಒಂದೊಂದೇ ಪದ ನೋಡೋಣ. ‘ಭುಗಿಲೆದ್ದು’. ಇಂಥ ನಕ್ಷತ್ರ ನೀಲಿಯಾಗುವ ಮೊದಲು ಕೆಂಪು ದೈತ್ಯನಾಗಿ ಪೂರ್ತಿ ಉಬ್ಬಿದಾಗ ಸೂರ್ಯನ ಸುಮಾರು 2,000 ಪಟ್ಟು ಬೆಳಕು ಚೆಲ್ಲುತ್ತದೆ. ಆಗ ಅದರ ಮೈ ಬಿಸಿ 4,000 ಕೆಲ್ವಿನ್ ಆಸುಪಾಸು ಅಷ್ಟೇ. ನೀಲಿಯಾದ ಮೇಲೆ ಮೈ ಬಿಸಿ 20,000 ದಾಟುತ್ತದೆ ನಿಜ. ಆದರೆ ಒಟ್ಟು ಬೆಳಕು ಸೂರ್ಯನ ಹತ್ತಿಪ್ಪತ್ತು ಪಟ್ಟಿಗೆ ಇಳಿದಿರುತ್ತದೆ. ಅಂದರೆ ನಿಮ್ಮ ದೀಪ ಜೋರಾಗಿಲ್ಲ, ಸಣ್ಣದಾಗಿದೆ.

‘ಒಮ್ಮೆ’. ನಕ್ಷತ್ರ ಆ ಸ್ಥಿತಿಯಲ್ಲಿ ಹತ್ತು ಕೋಟಿ ವರ್ಷ ಇರುತ್ತದೆ. ಇದನ್ನು ಒಮ್ಮೆ ಅನ್ನಬಹುದಾ?

‘ಸಾಯುವ ಮುನ್ನ’. ಹೊಟ್ಟೆಯೊಳಗೆ ಹೀಲಿಯಂ ಆಗಷ್ಟೇ ಹೊತ್ತಿಕೊಂಡಿದೆ. ಹಳೆಯ ಜಲಜನಕದ ಒಲೆ ಕಾವು ಕಳೆದುಕೊಂಡ ಕಡೆ ಇನ್ನೊಂದು ಒಲೆ ಹಚ್ಚಿದ ಹಾಗೆ. ಹಾಗಾದರೆ ನೀಲಿ ಯಾಕೆ? ಕೆಂಪು ದೈತ್ಯನಾಗಿದ್ದಾಗ ನಕ್ಷತ್ರ ತನ್ನ ಹೊರಪದರವನ್ನು ಉದುರಿಸಿಕೊಳ್ಳುತ್ತದೆ. ಒಳಗಿನ ತಿರುಳು ಸೂರ್ಯನ ತೂಕದ ಅರ್ಧದಷ್ಟು. ಅದರ ಮೇಲೆ ದಪ್ಪ ಹೊದಿಕೆ ಉಳಿದರೆ ನಕ್ಷತ್ರ ಕೆಂಪಗೇ ಇರುತ್ತದೆ. ಹೊದಿಕೆ ತೆಳುವಾದಷ್ಟೂ ಮೈ ಬಿಸಿ, ಬಣ್ಣ ನೀಲಿ. ಇದನ್ನೆಲ್ಲ ನೀವು ಮುಂದಿನ ಪುಟದಲ್ಲಿ ಸರಿಯಾಗಿಯೇ ಬರೆದಿದ್ದೀರಿ. ಆದರೆ ಓದುಗರ ಮನಸ್ಸಿನಲ್ಲಿ ಅಷ್ಟು ಹೊತ್ತಿಗೆ ದೀಪ ಕೂತುಬಿಟ್ಟಿರುತ್ತದೆ. ಸಿದ್ಧ ಹೋಲಿಕೆ ಕೈಗೆ ಸುಲಭವಾಗಿ ಸಿಗುತ್ತದೆ, ಅದಕ್ಕೇ ನನಗೆ ಅದರ ಮೇಲೆ ಇಷ್ಟು ಸಿಟ್ಟು.

ಈ ಸಿಟ್ಟು ನನಗೆ ಬಂದಿದ್ದು ಚಿಕ್ಕಮಗಳೂರಿನಲ್ಲಿ. ಇಪ್ಪತ್ತೆರಡು ವಯಸ್ಸು, ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಒಂದು ವಾರಪತ್ರಿಕೆ. ಜುಲೈ ಮಳೆಯ ವರದಿಗೆ ‘ಆಕಾಶಕ್ಕೇ ತೂತು ಬಿದ್ದಂತೆ’ ಅಂತ ಬರೆದಿದ್ದೆ. ಹಿರಿಯರೊಬ್ಬರು ಹಾಳೆಯನ್ನು ನನ್ನ ಮುಂದಿಟ್ಟು, ‘ಎಷ್ಟು ಇಂಚು ಬಿತ್ತಪ್ಪಾ?’ ಎಂದರು. ಗೊತ್ತಿರಲಿಲ್ಲ. ಸೈಕಲ್ ಹತ್ತಿಸಿ ತೋಟಕ್ಕೆ ಕಳಿಸಿದರು. ತೋಟದ ರೈಟರ್ ಮಳೆ ಪುಸ್ತಕ ತೆಗೆದು ತೋರಿಸಿದರು: 4 ಇಂಚು 20 ಸೆಂಟು. ಒದ್ದೆ ಬೆರಳಿನ ಗುರುತು ಆ ಅಂಕಿಯ ಪಕ್ಕದಲ್ಲೇ ಇತ್ತು. ವಾಪಸ್ ಬಂದು ಅದನ್ನೇ ಬರೆದೆ, ಗುರುತಿನ ಸಮೇತ. ಹಿರಿಯರು ಏನೂ ಹೇಳದೆ ಮೊಳೆ ಜೋಡಿಸಲು ಕೊಟ್ಟರು.

ಇನ್ನೊಂದು ಮಾತು. ‘ಹಳೆಯ ಗೆಲಾಕ್ಸಿಗಳಲ್ಲಿ ನೇರಳಾತೀತ ಬೆಳಕು ಕಂಡು ವಿಜ್ಞಾನಿಗಳು ಅಚ್ಚರಿಗೊಂಡರು’ ಎಂದು ಬರೆದು ಮುಂದೆ ಹೋಗಿದ್ದೀರಿ. ಯಾಕೆ ಅಚ್ಚರಿ? ಕಥೆಯ ಗಂಟು ಇರುವುದೇ ಅಲ್ಲಿ, ಅಲ್ವಾ? ನೇರಳಾತೀತ ಅಂದರೆ ಎಳೆಯ ನಕ್ಷತ್ರ ಎಂದುಕೊಂಡಿದ್ದ ಕಾಲ ಅದು. 1968ರಲ್ಲಿ ಹಾರಿಸಿದ ಓಎಓ-2 ಉಪಗ್ರಹ ಆಂಡ್ರೊಮೆಡಾ ಗೆಲಾಕ್ಸಿಯ ನಡುಭಾಗ ನೋಡಿದಾಗ, ಮುದಿ ನಕ್ಷತ್ರಗಳೇ ತುಂಬಿರುವ ಕಡೆ ಆ ಬೆಳಕು ಜಾಸ್ತಿ ಇತ್ತು. ಅದು ಬಹುಪಾಲು ನಿಮ್ಮ ಈ ಮುದಿ ನೀಲಿ ನಕ್ಷತ್ರಗಳಂಥವುಗಳದ್ದೇ ಅನ್ನುತ್ತಾರೆ. ಅಷ್ಟು ದೂರದ ಗೆಲಾಕ್ಸಿಯಲ್ಲಿ ಒಂದೊಂದೇ ನಕ್ಷತ್ರವನ್ನು ಬಿಡಿಸಿ ನೋಡುವುದು ಕಷ್ಟ. ಹತ್ತಿರದ ಗುಚ್ಛಗಳಲ್ಲಿ ನೋಡಬಹುದು. ಓಝೋನ್ ಪದರ ಈ ಬೆಳಕನ್ನು ತಡೆಯುವುದರಿಂದ ಅದಕ್ಕೂ ಮೇಲೆ ಹೋಗಬೇಕು. ನಮ್ಮ ಹೊಸಕೋಟೆಯಲ್ಲಿ ಜೋಡಿಸಿದ ನೇರಳಾತೀತ ದೂರದರ್ಶಕ 2015ರಲ್ಲಿ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ಜೊತೆ ಹೋಗಿ ಮಾಡಿದ ಕೆಲಸಗಳಲ್ಲಿ ಇದೂ ಒಂದು. ನೀವು ಇದಕ್ಕೆ ಅರ್ಧ ಸಾಲು ಕೊಟ್ಟಿದ್ದೀರಿ. ಒಂದು ಪುಟ ಕೊಡಿ.

ಕೊನೆಗೆ, ನಿಮ್ಮ ಮೊದಲ ಪುಟಕ್ಕೆ ಬರುತ್ತೇನೆ. ಫೆಬ್ರುವರಿಯ ನಸುಕು. ಅಜ್ಜಿ ಬಚ್ಚಲ ಒಲೆಯ ಬೂದಿ ಸರಿಸಿ ಊದುಗೊಳವೆಯಿಂದ ಊದುತ್ತಾರೆ. ನೀವು ಅಂಗಳದಲ್ಲಿ ನಿಂತು, ತೆಂಕಣ ಆಕಾಶದಲ್ಲಿ ಮಂಜಿನ ಚುಕ್ಕೆಯಂಥ ಒಮೆಗಾ ಸೆಂಟಾರಿ ಗುಚ್ಛವನ್ನು ಹುಡುಕುತ್ತೀರಿ. ಒಲೆಯನ್ನು ಸುಮ್ನೆ ಮನೆಯ ವಿವರ ಅಂತ ಬರೆದು ಅಲ್ಲೇ ಬಿಟ್ಟಿದ್ದೀರಿ. ನಿಮ್ಮ ಹೋಲಿಕೆ ಅಲ್ಲೇ ಇದೆ! ಬೂದಿ ಸರಿದರೆ ಕೆಂಡ ಕಾಣುತ್ತದೆ. ಕೆಂಡ ಹೊಸದಾಗಿ ಭುಗಿಲೆದ್ದಿಲ್ಲ, ಮೇಲಿನ ಮುಸುಕು ಹೋಗಿದೆ ಅಷ್ಟೇ. ನಕ್ಷತ್ರಕ್ಕೆ ಇದು ಪೂರ್ತಿ ಹೊಂದುವುದಿಲ್ಲ, ಎಲ್ಲಿ ಹೊಂದುವುದಿಲ್ಲ ಅನ್ನುವುದನ್ನೂ ಬರೆಯಿರಿ. ಆದರೆ ಇದು ನೀವು ಕಣ್ಣಾರೆ ಕಂಡದ್ದು.

ತಿದ್ದಿ ಕಳಿಸಿ, ಜಾಗ ಇಟ್ಟಿರುತ್ತೇನೆ. ಅದಕ್ಕೂ ಮೊದಲು ಒಂದು ದಿನ ಅಜ್ಜಿಯ ಜೊತೆ ಒಲೆಯ ಮುಂದೆ ಕೂತು, ಊದುಗೊಳವೆಯನ್ನು ನೀವೇ ಹಿಡಿದು ನೋಡಿ.